ಹೊಗೆಯ ಲೆಕ್ಕಪುಸ್ತಕ

ಕಂಪನಿಯು ತನ್ನ ಲಾಭನಷ್ಟದ ಲೆಕ್ಕವನ್ನು ಷೇರುದಾರರ ಮುಂದಿಡಬೇಕೆಂಬುದು ಹಳೆಯ ಕಟ್ಟಳೆ. ಅದೇ ಕಂಪನಿಯ ಕಾರ್ಖಾನೆ ನೆರೆಯವರ ಗಾಳಿಗೆ, ಹೊಳೆಗೆ ಏನನ್ನು ಎಷ್ಟು ಬಿಟ್ಟಿತೆಂಬ ಲೆಕ್ಕವನ್ನು ಆ ನೆರೆಯವರಿಗೂ ತೋರಿಸಬೇಕೆಂಬ ವಿಚಾರ ಮಾತ್ರ ತೀರ ಈಚಿನದು. ಅದು ಕಾಯಿದೆಯಾದ ಕಥೆಯ ಒಂದು ತುದಿ ನಮ್ಮ ಭೋಪಾಲದಲ್ಲಿದೆ. ಇನ್ನೊಂದು ತುದಿ ಅಮೆರಿಕದಲ್ಲಿ.

1984ರ ಡಿಸೆಂಬರ್ 2ರ ರಾತ್ರಿ ಭೋಪಾಲದ ಯೂನಿಯನ್ ಕಾರ್ಬೈಡ್ ಕಾರ್ಖಾನೆಯಿಂದ ಸುಮಾರು 40 ಟನ್ ಮೀಥೈಲ್ ಐಸೋಸಯನೇಟ್ ಹೊರಬಿದ್ದಿತು. ಸಾವಿರಾರು ಜನ ಸತ್ತುದನ್ನೂ ಲಕ್ಷಾಂತರ ಜನ ನರಳಿದುದನ್ನೂ ನೀವೆಲ್ಲ ಬಲ್ಲಿರಿ. ನಾನು ಒತ್ತಿ ಹೇಳಬೇಕೆಂದಿರುವುದು ಬೇರೊಂದು ಸಂಗತಿ. ಆ ರಾತ್ರಿ ಕಣ್ಣು ಉರಿದು, ಉಸಿರು ಕಟ್ಟಿ ಆಸ್ಪತ್ರೆಗೆ ಬಂದವರಿಗೆ ಯಾವ ವಿಷ ತಗುಲಿದೆಯೆಂಬುದು ವೈದ್ಯರಿಗೇ ತಿಳಿದಿರಲಿಲ್ಲ. ಕಾರ್ಖಾನೆಯ ಗೋಡೆಗೆ ಒತ್ತಿಕೊಂಡಂತೆ ಬದುಕುತ್ತಿದ್ದವರಿಗೆ, ಒಳಗಿನ ತೊಟ್ಟಿಯಲ್ಲಿ ಏನಿದೆಯೆಂದಾಗಲಿ, ಒದ್ದೆ ಬಟ್ಟೆಯಿಂದ ಮುಖ ಮುಚ್ಚಿಕೊಂಡರೆ ತುಸು ರಕ್ಷಣೆಯುಂಟೆಂದಾಗಲಿ ಯಾರೂ ಹೇಳಿರಲಿಲ್ಲ. ವಿಷದ ಜೊತೆಗೆ ಅಜ್ಞಾನವೂ ಕೊಂದಿತು.

ಅದೇ ಕಂಪನಿಯ ಮತ್ತೊಂದು ಕಾರ್ಖಾನೆ ಅಮೆರಿಕದ ವೆಸ್ಟ್ ವರ್ಜೀನಿಯಾದಲ್ಲಿ, ಇನ್ಸ್ಟಿಟ್ಯೂಟ್ ಎಂಬಲ್ಲಿ ಇತ್ತು. (ಊರಿನ ಹೆಸರೇ ಅದು!) 1985ರ ಆಗಸ್ಟ್ 11ರಂದು ಅಲ್ಲಿಯೂ ಬೇರೊಂದು ರಾಸಾಯನಿಕ ಸೋರಿ ನೂರಕ್ಕೂ ಹೆಚ್ಚು ಮಂದಿ ಆಸ್ಪತ್ರೆ ಸೇರಿದರು. ಭೋಪಾಲವು ದೂರದ ಬಡವರ ದುರ್ದೈವವೆಂದು ಭಾವಿಸಿದ್ದವರ ನಂಬಿಕೆ ಅಲ್ಲಿಗೆ ಕುಸಿಯಿತು. ತಾವು ಮುಟ್ಟುವ ರಾಸಾಯನಿಕಗಳ ಹೆಸರನ್ನು ತಮಗೆ ತಿಳಿಸಬೇಕೆಂದು ಫಿಲಡೆಲ್ಫಿಯಾ, ನ್ಯೂಜೆರ್ಸಿಗಳ ಕಾರ್ಮಿಕರು ಮೊದಲಿನಿಂದಲೇ ಹೋರಾಡುತ್ತಿದ್ದರು. ಈಗ ಅವರ ಬೇಡಿಕೆಗೆ ಬಲ ಬಂದಿತು. 1986ರ ಅಕ್ಟೋಬರ್‌ನಲ್ಲಿ ಅಧ್ಯಕ್ಷ ರೇಗನ್ ಹೊಸ ಕಾಯಿದೆಗೆ ಸಹಿ ಹಾಕಿದರು. ಅದರಿಂದ ಹುಟ್ಟಿದ್ದೇ 'ಟಾಕ್ಸಿಕ್ಸ್ ರಿಲೀಸ್ ಇನ್ವೆಂಟರಿ', ಎಂದರೆ ಹೊರಬಿಟ್ಟ ವಿಷವಸ್ತುಗಳ ದಾಖಲೆ.

ಈ ಕಾಯಿದೆಯ ಸ್ವಾರಸ್ಯವಿರುವುದು ಅದರ ಸೌಮ್ಯತೆಯಲ್ಲಿ. ದಾಖಲೆಯ ಕಲಮು ಯಾವ ಕಾರ್ಖಾನೆಗೂ 'ಬಿಡಬೇಡ' ಎನ್ನಲಿಲ್ಲ. 'ಬಿಟ್ಟದ್ದನ್ನು ಹೇಳು' ಎಂದಿತು, ಅಷ್ಟೆ. ಹತ್ತು ಅಥವಾ ಅದಕ್ಕಿಂತ ಹೆಚ್ಚು ಕೆಲಸಗಾರರಿದ್ದು, ಪಟ್ಟಿ ಮಾಡಿದ ಮುನ್ನೂರಕ್ಕೂ ಹೆಚ್ಚು ರಾಸಾಯನಿಕಗಳಲ್ಲಿ ಯಾವುದನ್ನಾದರೂ ನಿಗದಿತ ಪ್ರಮಾಣಕ್ಕೆ ಮೀರಿ ಬಳಸುವ ಕಾರ್ಖಾನೆಗಳು, ಗಾಳಿಗೆ, ನೀರಿಗೆ, ನೆಲಕ್ಕೆ ಎಷ್ಟೆಷ್ಟು ಹೋಯಿತೆಂದು ವರ್ಷಕ್ಕೊಮ್ಮೆ ಬರೆದುಕೊಡಬೇಕು. ಸರ್ಕಾರವು ಅದನ್ನು ಕಂಪ್ಯೂಟರಿನಲ್ಲಿಟ್ಟು ಸರ್ವರಿಗೂ ತೆರೆಯಬೇಕು. 1987ರ ಮೊದಲ ಲೆಕ್ಕವನ್ನು ಒಪ್ಪಿಸುವ ಕಡೆಯ ದಿನ 1988ರ ಜುಲೈ 1. ಅದರ ಹಿಂದಿನ ದಿನವೇ ಮಾನ್ಸಾಂಟೋ ಕಂಪನಿಯ ಮುಖ್ಯಸ್ಥ ರಿಚರ್ಡ್ ಮಹೋನಿ, 1992ರ ಅಂತ್ಯದೊಳಗೆ ಗಾಳಿಗೆ ಬಿಡುವ ವಿಷವನ್ನು ಶೇಕಡ 90ರಷ್ಟು ತಗ್ಗಿಸುವುದಾಗಿ ಸಾರಿದರು. ಅಂಕಪಟ್ಟಿಯನ್ನು ಸೂಚನಾಫಲಕಕ್ಕೆ ಅಂಟಿಸಲಿರುವ ದಿನ ತರಗತಿಯ ಕಳೆ ಹೇಗೆ ಬದಲಾಗುತ್ತಿತ್ತೆಂಬುದು ನನ್ನ ಹಳೆಯ ಶಿಷ್ಯರಿಗೆ ನೆನಪಿದ್ದೀತು!

1989ರಲ್ಲಿ ಲೆಕ್ಕ ಹೊರಬಂದಾಗ, ಒಂದೇ ವರ್ಷದಲ್ಲಿ ಗಾಳಿ ಸೇರಿದ್ದು 200 ಕೋಟಿ ಪೌಂಡಿಗೂ ಹೆಚ್ಚೆಂದು ತಿಳಿಯಿತು. 1990ರಲ್ಲಿ ಅಲ್ಲಿನ ವಾಯು ಕಾಯಿದೆಯನ್ನು ಬಿಗಿಗೊಳಿಸಿದವರ ಕೈಯಲ್ಲಿ ಈ ಅಂಕಿಗಳಿದ್ದವು.

ದೋಷಗಳೂ ಇವೆ. ಬರೆದುಕೊಡುವವನು ಕಾರ್ಖಾನೆಯವನೇ, ಅಳತೆಗಿಂತ ಅಂದಾಜೇ ಹೆಚ್ಚು. ಒಂದು ಪೌಂಡ್ ಪಾದರಸವೂ ಒಂದು ಪೌಂಡ್ ಅಮೋನಿಯವೂ ತೂಕದಲ್ಲಿ ಸಮ, ಕೇಡಿನಲ್ಲಿ ಸಮವಲ್ಲ. ಹೊರಬಿದ್ದದ್ದೆಲ್ಲ ಮೈಯೊಳಗೆ ಸೇರುವುದೂ ಇಲ್ಲ. ಆದರೂ ಆರೋಗ್ಯದ ಸಂಶೋಧಕರಿಗೆ, ಎಲ್ಲಿ, ಯಾವುದು, ಯಾವ ವರ್ಷ ಎಂಬ ಮೂರು ಪ್ರಶ್ನೆಗಳಿಗೆ ಉತ್ತರವಿಲ್ಲದೆ ಹೆಜ್ಜೆಯಿಡಲು ಸಾಧ್ಯವಿಲ್ಲ. 2015ರಲ್ಲಿ ಜಾನೆಟ್ ಕರಿ ಮತ್ತು ಸಂಗಡಿಗರು ಈ ದಾಖಲೆಯ ನೆರವಿನಿಂದ, ಐದು ರಾಜ್ಯಗಳಲ್ಲಿ ಇಂಥ ಕಾರ್ಖಾನೆಗಳು ತೆರೆದ, ಮುಚ್ಚಿದ ಸುಮಾರು 1,600 ಸಂದರ್ಭಗಳನ್ನು ಪರಿಶೀಲಿಸಿದರು. ನಡೆಯುತ್ತಿರುವ ಕಾರ್ಖಾನೆಯ ಒಂದು ಮೈಲಿಯೊಳಗೆ, ಕಡಿಮೆ ತೂಕದ ಶಿಶುಗಳ ಜನನ ಸುಮಾರು ಶೇಕಡ 3ರಷ್ಟು ಹೆಚ್ಚೆಂದು ಕಂಡರು. ಯಾವ ತಾಯಿಯೂ ತನ್ನೊಬ್ಬಳ ಮಗುವನ್ನು ನೋಡಿ ಇದನ್ನು ತಿಳಿಯಲಾರಳು.

1999ರಲ್ಲಿ ಜಪಾನ್ ಇಂಥದೇ ಕಾಯಿದೆ ಮಾಡಿತು. 2003ರಲ್ಲಿ ಕೀವ್ ನಗರದಲ್ಲಿ ಸಹಿಯಾದ ಒಡಂಬಡಿಕೆ 2009ರಲ್ಲಿ ಜಾರಿಗೆ ಬಂದಿತು. ಭೋಪಾಲದ ದೇಶವಾದ ನಮ್ಮಲ್ಲಿ, ಎಲ್ಲ ಕಾರ್ಖಾನೆಗಳ ಲೆಕ್ಕವನ್ನು ಒಂದೆಡೆ ತೆರೆದಿಡುವ ಅಂಥ ಪುಸ್ತಕವಿಲ್ಲ. ಬೇರು ಮಾತ್ರ ಹಳೆಯದು: ಕಾರ್ಖಾನೆಗಳಿಗೆ ವಿಧಿಸಿದ ಷರತ್ತುಗಳ ರಿಜಿಸ್ಟರನ್ನು ಮಾಲಿನ್ಯ ಮಂಡಳಿಯಲ್ಲಿ ಬಾಧಿತರು ನೋಡಬಹುದೆಂದು 1974ರ ಜಲ ಕಾಯಿದೆಯೇ ಹೇಳಿದೆ. ಷರತ್ತು ಬೇರೆ, ನಿಜವಾಗಿ ಬಿಟ್ಟದ್ದು ಬೇರೆ. ಬಿಟ್ಟದ್ದನ್ನು ವರ್ಷಕ್ಕೊಮ್ಮೆ ಮಂಡಳಿಗೆ ಬರೆದುಕೊಡಬೇಕೆಂಬ ನಿಯಮ 1992ರಲ್ಲಿ ಬಂದಿತು. ಜನರ ಮುಂದಿಡಬೇಕೆಂದು ಆ ನಿಯಮ ಹೇಳಲಿಲ್ಲ. ಅನುಮತಿಪತ್ರದ ಷರತ್ತಿನಂತೆ ಕೆಲವು ಕಂಪನಿಗಳು ಅದನ್ನು ತಮ್ಮ ಜಾಲತಾಣದಲ್ಲಿ ಹಾಕುವುದುಂಟು. ಉಳಿದವುಗಳದ್ದನ್ನು 2005ರ ಮಾಹಿತಿ ಹಕ್ಕು ಕಾಯಿದೆಯಡಿ ಹತ್ತು ರೂಪಾಯಿ ಕಟ್ಟಿ ಕೇಳಬೇಕು. ನಿಮ್ಮ ಮನೆಯ ಸಮೀಪ ಚಿಮಣಿಯಿದ್ದರೆ, ಒಂದು ಅರ್ಜಿ ಬರೆದು ನೋಡಿ. ಬಂದ ಉತ್ತರವನ್ನು ನನಗೂ ತಿಳಿಸಿ.