ಲೈಸೆನ್ಸ್ ಇಲ್ಲದೆ ಗಾಡಿ ಓಡಿಸಿದರೆ: ಗಡಿಭಾಗದ ಸದಸ್ಯರ ತಿಳಿವಳಿಕೆಗೆ



ರಾಯದುರ್ಗದವರಿಗೆ ಬಳ್ಳಾರಿ, ಮೊಳಕಾಲ್ಮುರು, ಮಡಕಶಿರಾದವರಿಗೆ ಶಿರಾ, ಪಾವಗಡ ನಿತ್ಯದ ಓಡಾಟದ ಊರುಗಳು. ಸಂತೆ, ಮದುವೆ, ಆಸ್ಪತ್ರೆ, ಕಾಲೇಜು ಎಂದು ಒಂದೇ ದಿನ ಎರಡು ರಾಜ್ಯಗಳಲ್ಲಿ ಗಾಡಿ ಓಡಿಸುತ್ತೇವೆ. "ಲೈಸೆನ್ಸ್ ಇಲ್ಲದಿದ್ದರೆ ಏನಾಗುತ್ತದೆ, ಫೈನ್ ಕಟ್ಟಿದರಾಯಿತು" ಎಂಬ ಮಾತು ನಮ್ಮಲ್ಲಿ ಸಾಮಾನ್ಯ. ಆದರೆ ಫೈನ್ ಇದರಲ್ಲಿ ತೀರಾ ಚಿಕ್ಕ ನಷ್ಟ. ದೊಡ್ಡ ನಷ್ಟ ಅಪಘಾತವಾದ ಮೇಲೆ ಬರುತ್ತದೆ. ಅದನ್ನು ಹೊರುವುದು ಇಡೀ ಮನೆ.

ಕಾನೂನು ಏನು ಹೇಳುತ್ತದೆ?

1988ರ ಮೋಟಾರು ವಾಹನ ಕಾಯ್ದೆ ಇಡೀ ದೇಶಕ್ಕೆ ಒಂದೇ. ಆಂಧ್ರದಲ್ಲಿ ಪಡೆದ ಲೈಸೆನ್ಸ್ ಕರ್ನಾಟಕದಲ್ಲೂ, ಕರ್ನಾಟಕದ್ದು ಆಂಧ್ರದಲ್ಲೂ ನಡೆಯುತ್ತದೆ. ಗಡಿ ದಾಟಿದ ಮಾತ್ರಕ್ಕೆ ಬೇರೆ ಲೈಸೆನ್ಸ್ ಬೇಕಿಲ್ಲ. 2019ರ ತಿದ್ದುಪಡಿಯ ನಂತರ ಶಿಕ್ಷೆಗಳು ಹೀಗಿವೆ:

• ಲೈಸೆನ್ಸ್ ಇಲ್ಲದೆ ಓಡಿಸಿದರೆ (ಕಲಂ 181): 5,000 ರೂ. ದಂಡ, ಅಥವಾ ಮೂರು ತಿಂಗಳವರೆಗೆ ಜೈಲು, ಅಥವಾ ಎರಡೂ.
• ಲೈಸೆನ್ಸ್ ಇಲ್ಲದವರಿಗೆ ಗಾಡಿ ಕೊಟ್ಟ ಮಾಲೀಕರಿಗೆ (ಕಲಂ 180): ಅಷ್ಟೇ ಶಿಕ್ಷೆ.
• ಅಪ್ರಾಪ್ತ ವಯಸ್ಸಿನವರು ಓಡಿಸಿ ಅಪರಾಧವಾದರೆ (ಕಲಂ 199ಎ): ಪೋಷಕರಿಗೆ ಅಥವಾ ಮಾಲೀಕರಿಗೆ 25,000 ರೂ. ದಂಡ ಮತ್ತು ಮೂರು ವರ್ಷದವರೆಗೆ ಜೈಲು. ಗಾಡಿಯ ನೋಂದಣಿ 12 ತಿಂಗಳು ರದ್ದು. ಆ ಹುಡುಗನಿಗೆ ಅಥವಾ ಹುಡುಗಿಗೆ 25 ವರ್ಷ ತುಂಬುವವರೆಗೆ ಲೈಸೆನ್ಸ್ ಸಿಗುವುದಿಲ್ಲ.

ಸ್ಥಳದಲ್ಲೇ ಕಟ್ಟುವ ದಂಡದ ಮೊತ್ತವನ್ನು ಆಯಾ ರಾಜ್ಯ ಸರ್ಕಾರ ಗೊತ್ತುಮಾಡುತ್ತದೆ. ಹಾಗಾಗಿ ಗಡಿಯ ಆಚೆ ಈಚೆ ಮೊತ್ತ ಬೇರೆ ಇರಬಹುದು. ಅಪರಾಧ ಮಾತ್ರ ಎರಡೂ ಕಡೆ ಒಂದೇ. ಟ್ರ್ಯಾಕ್ಟರ್ ರಸ್ತೆಗೆ ಇಳಿದರೆ ಅದಕ್ಕೂ ಲೈಸೆನ್ಸ್ ಬೇಕೇ ಬೇಕು.

ಅಪಘಾತವಾದರೆ ಹಣ ಕೊಡುವವರು ಯಾರು?

ಇನ್ಶೂರೆನ್ಸ್ ಇದೆಯಲ್ಲ ಎಂದು ಧೈರ್ಯ ಹೇಳುವವರು ಇದನ್ನು ಗಮನಿಸಬೇಕು. ಸ್ವರಣ್ ಸಿಂಗ್ ಪ್ರಕರಣದಲ್ಲಿ ಸುಪ್ರೀಂ ಕೋರ್ಟ್ 2004ರಲ್ಲಿ ಕೊಟ್ಟ ತೀರ್ಪಿನ ಪ್ರಕಾರ, ಚಾಲಕನಿಗೆ ಲೈಸೆನ್ಸ್ ಇಲ್ಲ ಎಂಬ ಒಂದೇ ಕಾರಣಕ್ಕೆ ಗಾಯಗೊಂಡ ಬೇರೆಯವರ ಪರಿಹಾರ ತಪ್ಪಬಾರದು. ಆದರೆ ಮಾಲೀಕರು ಗೊತ್ತಿದ್ದೂ, ಅಥವಾ ವಿಚಾರಿಸದೆ ನಿರ್ಲಕ್ಷ್ಯದಿಂದ ಗಾಡಿ ಕೊಟ್ಟಿದ್ದಾರೆಂದು ಸಾಬೀತಾದರೆ, ವಿಮಾ ಕಂಪನಿ ಕೊಟ್ಟ ಹಣವನ್ನು ಅವರಿಂದಲೇ ವಸೂಲು ಮಾಡಬಹುದು. ಒಂದು ಸಾವಿನ ಪರಿಹಾರ ಹಲವು ಲಕ್ಷ ರೂಪಾಯಿ ಆಗುವುದುಂಟು. ಮನೆ, ಹೊಲ ಮಾರುವ ಸ್ಥಿತಿ ಬರುವುದು ಇಲ್ಲಿಯೇ.

ಮಾಲೀಕರೇ ಲೈಸೆನ್ಸ್ ಇಲ್ಲದೆ ಓಡಿಸಿ ತೀರಿಹೋದರೆ, ಪಾಲಿಸಿಯಲ್ಲಿರುವ 15 ಲಕ್ಷ ರೂ. ವೈಯಕ್ತಿಕ ಅಪಘಾತ ವಿಮೆಯೂ ಮನೆಯವರ ಕೈತಪ್ಪುತ್ತದೆ. ಆ ವಿಮೆಗೆ ಚಾಲ್ತಿಯಲ್ಲಿರುವ ಲೈಸೆನ್ಸ್ ಇರಬೇಕೆಂಬುದು ಷರತ್ತು.

ಗಡಿಭಾಗದವರು ತಿಳಿಯಬೇಕಾದ ಮತ್ತೊಂದು ವಿಷಯ: ಪರಿಹಾರ ಕೇಳುವವರು ತಾವು ವಾಸಿಸುವ ಊರಿನ ವ್ಯಾಪ್ತಿಯ ನ್ಯಾಯಮಂಡಳಿಯಲ್ಲೇ ಅರ್ಜಿ ಹಾಕಬಹುದು. ಅಪಘಾತ ರಾಯದುರ್ಗದಲ್ಲಾದರೂ ಕೇಸು ಬಳ್ಳಾರಿಯಲ್ಲಿ ನಡೆಯಬಹುದು. ಇನ್ನು, ಗಾಡಿ ಮಾರಿದ ಮೇಲೂ ಆರ್.ಸಿ.ಯಲ್ಲಿ ನಿಮ್ಮ ಹೆಸರೇ ಉಳಿದಿದ್ದರೆ ನೀವೇ ಮಾಲೀಕರು. ಪರಿಹಾರದ ಹೊಣೆಯೂ ನಿಮ್ಮದೇ.

ಅವಧಿ ಮುಗಿದ ಲೈಸೆನ್ಸ್

ಮೊದಲು ಅವಧಿ ಮುಗಿದ ಮೇಲೂ 30 ದಿನ ಲೈಸೆನ್ಸ್ ನಡೆಯುತ್ತಿತ್ತು. 2019ರ ತಿದ್ದುಪಡಿ ಆ ರಿಯಾಯಿತಿಯನ್ನು ತೆಗೆದುಹಾಕಿದೆ. ಅವಧಿಗೆ ಒಂದು ವರ್ಷ ಮುಂಚಿನಿಂದಲೇ ನವೀಕರಣಕ್ಕೆ ಅರ್ಜಿ ಹಾಕಬಹುದು. ಅವಧಿ ಮುಗಿದು ಒಂದು ವರ್ಷ ದಾಟಿದರೆ ಮತ್ತೆ ಚಾಲನಾ ಪರೀಕ್ಷೆ ಕೊಡಬೇಕು.

ನಾವು ಮಾಡಬೇಕಾದದ್ದು

1. ಮನೆಯಲ್ಲಿ ಎಲ್ಲರ ಲೈಸೆನ್ಸ್ ತೆಗೆದು ಕೊನೆಯ ದಿನಾಂಕ ನೋಡಿ.
2. ಡಿಜಿಲಾಕರ್ ಅಥವಾ ಎಂಪರಿವಾಹನ್‌ನಲ್ಲಿ ಪ್ರತಿ ಇಟ್ಟುಕೊಳ್ಳಿ. ತಪಾಸಣೆಯಲ್ಲಿ ಅದೂ ಮಾನ್ಯ.
3. 18 ತುಂಬಿದ ಮಕ್ಕಳಿಗೆ ಮೊದಲು ಎಲ್‌ಎಲ್‌ಆರ್ ಮಾಡಿಸಿ. ಅದರ ಅವಧಿ ಆರು ತಿಂಗಳು. 30 ದಿನಗಳ ನಂತರ ಪರೀಕ್ಷೆ ಕೊಡಬಹುದು. ಎಲ್‌ಎಲ್‌ಆರ್‌ನಲ್ಲಿ ಬೈಕ್ ಓಡಿಸುವವರು ಕಲಿಸುವವರನ್ನು ಬಿಟ್ಟು ಬೇರೆ ಯಾರನ್ನೂ ಹಿಂದೆ ಕೂರಿಸಿಕೊಳ್ಳುವಂತಿಲ್ಲ.
4. ಡ್ರೈವರ್ ಇಟ್ಟುಕೊಳ್ಳುವವರು ಅವರ ಲೈಸೆನ್ಸ್ ಕೇಳಿ ನೋಡಿ, ಒಂದು ಪ್ರತಿ ಇಟ್ಟುಕೊಳ್ಳಿ. ನಾಳೆ ಕೋರ್ಟಿನಲ್ಲಿ ನೀವು ಎಚ್ಚರ ವಹಿಸಿದ್ದಿರಿ ಎನ್ನಲು ಅದೇ ಆಧಾರ.

ನೆಂಟರ ಹುಡುಗ "ಇಲ್ಲೇ ಹೋಗಿ ಬರ್ತೀನಿ ಮಾವ, ಕೀ ಕೊಡಿ" ಎಂದಾಗ ಇಲ್ಲ ಎನ್ನಲು ನಮಗೆ ಸಂಕೋಚ. ಆ ಒಂದು ಕ್ಷಣದ ಸಂಕೋಚ ಎರಡು ಮನೆಗಳನ್ನು ಹಾಳುಮಾಡದಿರಲಿ. ದಯವಿಟ್ಟು ಈ ಮಾಹಿತಿಯನ್ನು ನಿಮ್ಮ ಊರಿನ ಯುವಕರಿಗೂ ತಲುಪಿಸಿ.