ರಾಜನ ತುಲಾಭಾರ, ಅದಿರಿನ ಭಾರ

ಹಂಪಿಗೆ ಹೋದವರು ವಿಠ್ಠಲ ದೇವಸ್ಥಾನದ ಕಲ್ಲಿನ ರಥದ ಮುಂದೆ ಫೋಟೊ ತೆಗೆಸ್ಕೊಂಡು ವಾಪಸ್ ಬರ್ತಾರೆ. ಅಲ್ಲೇ ಹತ್ತಿರ ಎರಡು ಎತ್ತರದ ಕಲ್ಲುಕಂಬ, ಮೇಲೊಂದು ಕಲ್ಲಿನ ತೊಲೆ, ತೊಲೆಯ ಕೆಳಗೆ ಮೂರು ಕಲ್ಲಿನ ಬಳೆ ಇವೆ ನೋಡಿ. ಅದೇ ರಾಜರ ತುಲಾಭಾರದ ಜಾಗ. ಬಳೆಗೆ ತಕ್ಕಡಿ ಕಟ್ಟಿ ಒಂದು ತಟ್ಟೆಯಲ್ಲಿ ವಿಜಯನಗರದ ಅರಸ, ಇನ್ನೊಂದರಲ್ಲಿ ಚಿನ್ನ. ತೂಗಿದ ಚಿನ್ನ ದಾನಕ್ಕೆ.

ತಕ್ಕಡಿಯ ಫಿಸಿಕ್ಸ್ ಸರಳ. ನಡುವಿನಿಂದ ಎರಡೂ ತೋಳು ಸಮ ಇರಬೇಕು. ಒಂದು ತೋಳು ಬೆರಳಷ್ಟು ಉದ್ದವಾದ್ರೂ ಆ ಕಡೆ ಕಡಿಮೆ ಭಾರಕ್ಕೇ ಬಾಗುತ್ತೆ. ಅನುಮಾನ ಬಂದ್ರೆ ತಟ್ಟೆಗಳಲ್ಲಿರೋದನ್ನ ಅದಲು ಬದಲು ಮಾಡಿ, ಮೋಸ ಅಲ್ಲೇ ಬಯಲು. ನಿಂತು ನೋಡೋ ಯಾರು ಬೇಕಾದ್ರೂ ಹಿಡೀಬಹುದು.

ಅಲ್ಲಿಂದ ಹೊಸಪೇಟೆ ದಾಟಿ ಸಂಡೂರಿಗೆ ಬನ್ನಿ, ಇಲ್ಲಿ ಕಣ್ಣು ಸೋಲುತ್ತೆ. ಕಂಪ್ಲಿಯ ಭತ್ತ ಒಂದು ಘನ ಮೀಟರ್‌ಗೆ ಸುಮಾರು 600 ಕಿಲೋ. ಅಷ್ಟೇ ಜಾಗದ ಕಬ್ಬಿಣದ ಅದಿರು ಎರಡು ಟನ್ ಮೀರುತ್ತೆ. ಹಾಗಾಗಿ ಅದಿರಿನ ಲಾರಿ ಅರ್ಧ ಖಾಲಿ ಕಂಡ್ರೂ ಓವರ್‌ಲೋಡ್ ಆಗಿರಬಹುದು! ನಿಜ ಹೇಳೋದು ವೇಬ್ರಿಡ್ಜ್ ಮಾತ್ರ. ಲಾರಿ ಹತ್ತಿದಾಗ ಕೆಳಗಿನ ಲೋಡ್ ಸೆಲ್‌ನ ಉಕ್ಕು ಕಣ್ಣಿಗೆ ಕಾಣದಷ್ಟು ಬಾಗುತ್ತೆ, ಅದನ್ನೇ ಮೀಟರು ಟನ್ನಿನಲ್ಲಿ ಓದುತ್ತೆ. ಆದ್ರೆ ಲಾರಿ ಅದರ ಮೇಲೆ ಹತ್ತಬೇಕಲ್ಲ, ಬಂದ ಅಂಕಿಯನ್ನ ಪರ್ಮಿಟ್ ಜೊತೆ ಯಾರಾದ್ರೂ ತಾಳೆ ನೋಡಬೇಕಲ್ಲ?

2011ರ ಜುಲೈನಲ್ಲಿ ಲೋಕಾಯುಕ್ತ ಸಂತೋಷ್ ಹೆಗ್ಡೆ ಅವರು ಕೊಟ್ಟ ವರದಿ ಬಳ್ಳಾರಿಯ ಅಕ್ರಮ ಗಣಿಗಾರಿಕೆಯನ್ನ, ಓವರ್‌ಲೋಡ್ ಲಾರಿಗಳನ್ನ ಬಿಚ್ಚಿಟ್ಟಿತು. ಸರ್ಕಾರಕ್ಕಾದ ನಷ್ಟ 16,085 ಕೋಟಿ ರೂಪಾಯಿ ಅಂತ ಲೆಕ್ಕ. ಅದೇ ತಿಂಗಳ 29ರಂದು ಸುಪ್ರೀಂ ಕೋರ್ಟ್ ಬಳ್ಳಾರಿ ಜಿಲ್ಲೆಯ ಗಣಿಗಾರಿಕೆಗೆ ತಡೆ ಹಾಕಿತು.