ಹಿಯೇ ಗಿರಿಯ ನಂದಾದೀಪ

ಕ್ಯೋಟೋ ನಗರದ ಬೀದಿಗಳಿಗೂ ಬಿವಾ ಸರೋವರದ ವಿಸ್ತಾರವಾದ ಜಲರಾಶಿಗೂ ನಡುವೆ ಅಡ್ಡಲಾಗಿ ನಿಂತಿರುವ ಹಿಯೇ ಪರ್ವತವು 848 ಮೀಟರು ಎತ್ತರದ್ದು. ಸಹ್ಯಾದ್ರಿಯ ಶಿಖರಗಳನ್ನು ಕಂಡು ಬೆಳೆದವರಿಗೆ ಅದನ್ನು ಪರ್ವತವೆನ್ನಲು ನಾಲಗೆ ಕೊಂಚ ಹಿಂಜರಿದೀತು. ಆದರೆ ಹಳೆಯ ಜಪಾನೀ ಗ್ರಂಥಗಳಲ್ಲಿ ಯಾವ ವಿಶೇಷಣವೂ ಇಲ್ಲದೆ ಪರ್ವತವೆಂದಿದ್ದರೆ ಅದು ಇದೇ. ಆ ನಗರಕ್ಕೆ ವ್ಯಾಸಂಗಕ್ಕೆಂದು ಬಂದ ಪರದೇಶದ ವಿದ್ಯಾರ್ಥಿಗೆ ವಾರವೆಲ್ಲ ತರಗತಿಯ ಕಿಟಕಿಯಿಂದ ಕಾಣುವ ಈ ಗಿರಿಯು ಶನಿವಾರ ಬಂದೊಡನೆ ಕೈಬೀಸಿ ಕರೆಯುತ್ತದೆ; ನನ್ನನ್ನೂ ಅದು ವೈಶಾಖದ ಒಂದು ಮುಂಜಾನೆ ಕರೆಯಿತು. ಪಟ್ಟಣದ ಕಡೆಯಿಂದ ಯಾಸೆ ಎಂಬ ಹಳ್ಳಿಯವರೆಗೆ ರೈಲು, ಅಲ್ಲಿಂದ 1925ರಲ್ಲಿ ಆರಂಭವಾದ ಹಗ್ಗದ ಗಾಡಿ, ಆಮೇಲೆ ದೇವದಾರುವನ್ನು ಹೋಲುವ ಸುಗಿ ಮರಗಳ ನೆರಳಿನಲ್ಲಿ ಕಾಲುದಾರಿ. ಆ ಕಾಡು ಹಕ್ಕಿಗಳು ಗೂಡು ಕಟ್ಟಿ ಮರಿಮಾಡುವ ತಾಣವೆಂದು 1930ರಲ್ಲಿಯೇ ಸರ್ಕಾರದ ರಕ್ಷಣೆಗೆ ಒಳಪಟ್ಟದ್ದು. ವೈಶಾಖದಲ್ಲಿ ಹೋದವನಿಗೆ ಅದಕ್ಕೆ ಬೇರೆ ಪ್ರಮಾಣ ಬೇಕಾಗುವುದಿಲ್ಲ. ಮರದ ಮರೆಯಿಂದ ಮರದ ಮರೆಗೆ ಕೂಗು ಹಾಯುತ್ತಲೇ ಇರುತ್ತದೆ.

ನಮ್ಮಲ್ಲಿ ಈಶಾನ್ಯವು ದೇವಮೂಲೆ. ಮನೆ ಕಟ್ಟುವಾಗ ದೇವರ ಕೋಣೆಯನ್ನು ಅಲ್ಲಿ ಇರಿಸುತ್ತೇವೆ. ಚೀನಾದಿಂದ ಬಂದ ದಿಕ್ಕುಗಳ ಶಾಸ್ತ್ರವನ್ನು ನಂಬಿದ ಪ್ರಾಚೀನ ಜಪಾನೀಯರಿಗೆ ಅದೇ ಈಶಾನ್ಯವು ಪಿಶಾಚಗಳು ನುಗ್ಗುವ ಬಾಗಿಲು. 794ರಲ್ಲಿ ಕಮ್ಮು ಚಕ್ರವರ್ತಿಯು ಹೆಯಾನ್ ಎಂಬ ಹೊಸ ರಾಜಧಾನಿಯನ್ನು, ಎಂದರೆ ಇಂದಿನ ಕ್ಯೋಟೋವನ್ನು, ಸ್ಥಾಪಿಸಿದಾಗ ಆ ಬಾಗಿಲಿನಲ್ಲಿ, ಎಂದರೆ ಹಿಯೇ ಗಿರಿಯಲ್ಲಿ, ಆಗಲೇ ಒಬ್ಬ ತಪಸ್ವಿಯು ಕಾವಲು ಕುಳಿತಂತೆ ನೆಲಸಿದ್ದನು. ಆತನೇ ಸೈಚೋ. ಬಿವಾ ಸರೋವರದ ತೀರದಲ್ಲಿ ಹುಟ್ಟಿ, 785ರಲ್ಲಿ ನಾರಾ ನಗರದಲ್ಲಿ ಪೂರ್ಣ ಭಿಕ್ಷುದೀಕ್ಷೆಯನ್ನು ಪಡೆದು, ಅಲ್ಲಿಯ ದೊಡ್ಡ ಮಠಗಳಲ್ಲಿ ದೊರೆಯಬಹುದಾಗಿದ್ದ ಪ್ರತಿಷ್ಠೆಯನ್ನು ಲೆಕ್ಕಿಸದೆ ಅದೇ ವರ್ಷವೇ ಕಾಡು ಹೊಕ್ಕ ಈ ಯುವಕನು 788ರಲ್ಲಿ ಒಂದು ಸಣ್ಣ ಗುಡಿಯನ್ನು ಕಟ್ಟಿ, ಅದರಲ್ಲಿ ಭೈಷಜ್ಯಗುರು ಬುದ್ಧನನ್ನು ಪ್ರತಿಷ್ಠಾಪಿಸಿ, ಅದರ ಮುಂದೆ ದೀಪ ಹಚ್ಚಿದನು. 804ರಲ್ಲಿ ರಾಜದೂತರ ಹಡಗುಗಳೊಡನೆ ಚೀನಾಕ್ಕೆ ಹೋಗಿ, ತಿಯೆನ್‌ತಾಯ್ ಪರ್ವತದಲ್ಲಿ ಸದ್ಧರ್ಮಪುಂಡರೀಕ ಸೂತ್ರವನ್ನು ಮೂಲವಾಗಿ ಉಳ್ಳ ಪರಂಪರೆಯನ್ನು ಅಭ್ಯಾಸ ಮಾಡಿ, ಮರುವರ್ಷ ಹಿಂತಿರುಗಿ ತೆಂದಾಯ್ ಪಂಥವನ್ನು ನೆಲೆಗೊಳಿಸಿದನು.

ಸೈಚೋವಿನ ಬೇಡಿಕೆಗಳಲ್ಲಿ ಎರಡು ನನಗೆ ಬಹಳ ದೊಡ್ಡವಾಗಿ ತೋರುತ್ತವೆ. ದೀಕ್ಷೆ ಪಡೆದವನು ಹನ್ನೆರಡು ವರ್ಷ ಪರ್ವತದ ಎಲ್ಲೆಯನ್ನು ದಾಟದೆ ಅಧ್ಯಯನ ಮಾಡಬೇಕೆಂಬುದು ಒಂದು. ನಾರಾದ ಮಠಾಧಿಪತಿಗಳ ಹಂಗಿಲ್ಲದೆ ಹಿಯೇಯಲ್ಲಿಯೇ ಮಹಾಯಾನದ ದೀಕ್ಷಾವೇದಿಕೆ ಇರಬೇಕೆಂಬುದು ಮತ್ತೊಂದು. ಎರಡನೆಯದಕ್ಕೆ ನಾರಾದವರು ಕೊನೆಯವರೆಗೂ ಎದುರಾಗಿ ನಿಂತರು. 822ರಲ್ಲಿ ಆತನು ದೇಹ ಬಿಟ್ಟ ಏಳು ದಿನಗಳ ಮೇಲೆ ಅರಮನೆಯಿಂದ ಅನುಮತಿ ಬಂದಿತು. ಮರುವರ್ಷ ಗುಡಿಗೆ ಎನ್‌ರ್ಯಾಕುಜಿ ಎಂಬ ಹೆಸರು ದೊರೆಯಿತು.

ಆ ಮೊದಲ ಗುಡಿ ಇದ್ದ ಸ್ಥಳದಲ್ಲಿಯೇ ಇಂದಿನ ಕೊಂಪೊನ್ ಚೂದೋ, ಎಂದರೆ ಮೂಲ ಮಂದಿರ, ನಿಂತಿದೆ. ಯಾತ್ರಿಕರು ಅಲ್ಲಿಗೆ ಹತ್ತಿ ಹೋಗುವುದಿಲ್ಲ, ಮೆಟ್ಟಿಲಿಳಿದು ಹೋಗುತ್ತಾರೆ. ಪಾದರಕ್ಷೆ ಬಿಟ್ಟು, ತಣ್ಣನೆಯ ಹಲಗೆಯ ಪಡಸಾಲೆಯನ್ನು ಸುತ್ತಿ ಒಳಹೊಕ್ಕರೆ ಕಣ್ಣು ಕತ್ತಲಿಗೆ ಹೊಂದಲು ಸ್ವಲ್ಪ ಹೊತ್ತು ಹಿಡಿಯುತ್ತದೆ. ಭಕ್ತರು ಕುಳಿತುಕೊಳ್ಳುವ ಹಲಗೆಯ ನೆಲಕ್ಕಿಂತ ಗರ್ಭಗುಡಿಯ ಕಲ್ಲಿನ ನೆಲ ಸುಮಾರು ಮೂರು ಮೀಟರು ತಗ್ಗಿನಲ್ಲಿದೆ. ಅಷ್ಟು ಆಳದಿಂದ ಪೀಠವನ್ನು ಎತ್ತಿ ಕಟ್ಟಿರುವುದರಿಂದ, ಮಧ್ಯದ ಕಂದಕದಂತಹ ಕತ್ತಲೆಯ ಆಚೆ ಬುದ್ಧನ ಮಂಟಪವೂ ಅದರ ಮುಂದೆ ತೂಗುವ ಮೂರು ದೀಪಗಳೂ ಕುಳಿತವನ ಕಣ್ಣಿನ ನೇರಕ್ಕೆ ಬರುತ್ತವೆ. ದೇವನೂ ಭಕ್ತನೂ ಒಂದೇ ಮಟ್ಟದಲ್ಲಿ ಇರಬೇಕೆಂಬುದೇ ಹೀಗೆ ಕಟ್ಟಿದವರ ಆಶಯವೆಂದು ಅಲ್ಲಿಯವರು ಹೇಳುತ್ತಾರೆ. ಸೈಚೋ ಹಚ್ಚಿದ ದೀಪವೇ 1200 ವರ್ಷಗಳಿಂದ ಅಲ್ಲಿ ಉರಿಯುತ್ತಿರುವುದೆಂಬುದು ಪರ್ವತದವರ ಶ್ರದ್ಧೆ. ಭಿಕ್ಷುಗಳು ದಿನದಿನವೂ ಎಣ್ಣೆ ಎರೆದು ಬತ್ತಿಯನ್ನು ನೋಡಿಕೊಳ್ಳುತ್ತಾರೆ.

ಕನ್ನಡ ನಾಡಿನಿಂದ ಹೋದವನಿಗೆ ಇದು ಹೊಸ ನೋಟವಲ್ಲ. ನಮ್ಮ ಶಾಸನಗಳಲ್ಲಿ ನಂದಾದೀವಿಗೆಗೆಂದು ಬಿಟ್ಟ ಭೂಮಿ, ಗಾಣದ ತೆರಿಗೆ, ತೆಲ್ಲಿಗರು ಒಪ್ಪಿಕೊಂಡ ಎಣ್ಣೆಯ ಲೆಕ್ಕ ಎಷ್ಟು ಬಗೆಯಲ್ಲಿ ಬರುತ್ತವೆ! ಕಲ್ಲಿನ ಮೇಲೆ ಆಚಂದ್ರಾರ್ಕವೆಂದು ಕೆತ್ತಿಸಿದ ಆ ದೀಪಗಳಲ್ಲಿ ಬಹುಪಾಲು ಆರಿಹೋಗಿವೆ; ದತ್ತಿಯ ಗದ್ದೆ ಯಾರದೋ ಆಯಿತು, ಗಾಣ ನಿಂತಿತು, ಶಾಸನದ ಕಲ್ಲು ಮಾತ್ರ ಉಳಿಯಿತು. ಆದಕಾರಣ ಹಿಯೇಯ ದೀಪವನ್ನು ನೋಡುತ್ತ ನನಗೆ ಉಂಟಾದ ಕುತೂಹಲವು ಭಕ್ತಿಗಿಂತ ಭಿನ್ನವಾದುದು: ಇದು ಉಳಿದದ್ದು ಹೇಗೆ? ಏಕೆಂದರೆ ಈ ಪರ್ವತದ ಚರಿತ್ರೆ ಶಾಂತವಾದುದಲ್ಲ.

ಧರ್ಮದ ಜೊತೆಗೆ ಭೂಮಿ ಬಂದಿತು, ಭೂಮಿಯ ಜೊತೆಗೆ ಆಯುಧ ಬಂದಿತು. ಹನ್ನೊಂದನೆಯ ಶತಮಾನದ ಹೊತ್ತಿಗೆ ಹಿಯೇಯ ಭಿಕ್ಷುಗಳು ಕತ್ತಿ ಹಿಡಿದ ದೊಡ್ಡ ಪಡೆಯಾಗಿದ್ದರು. ಅರಮನೆಯ ತೀರ್ಪು ತಮಗೆ ಒಪ್ಪಿಗೆಯಾಗದಿದ್ದರೆ ಅವರು ಪರ್ವತದ ಅಡಿಯಲ್ಲಿರುವ ಹಿಯೋಶಿ ದೇವಾಲಯದ ದೇವರ ಪಲ್ಲಕ್ಕಿಗಳನ್ನು ಹೊತ್ತು ರಾಜಧಾನಿಗೆ ಇಳಿದು ಬೀದಿಯ ನಡುವೆ ಇಟ್ಟು ಹೋಗುತ್ತಿದ್ದರು. ದೇವರನ್ನು ಮುಟ್ಟಲು ಯಾವ ಸೈನಿಕನಿಗೆ ಧೈರ್ಯವುಂಟು? ಕಾಮೋ ನದಿಯ ನೆರೆ, ಪಗಡೆಯ ದಾಳ, ಪರ್ವತದ ಭಿಕ್ಷುಗಳು — ಈ ಮೂರು ತನ್ನ ಅಂಕೆಗೆ ಸಿಕ್ಕುವುದಿಲ್ಲವೆಂದು ಶಿರಕಾವಾ ಚಕ್ರವರ್ತಿಯು ನಿಟ್ಟುಸಿರಿಟ್ಟನೆಂಬ ಐತಿಹ್ಯವಿದೆ. ಹೋನೆನ್, ಏಸಾಯ್, ಶಿನ್‌ರನ್, ದೋಗೆನ್, ನಿಚಿರೆನ್ ಎಂಬ, ಜಪಾನಿನ ಬೌದ್ಧಧರ್ಮಕ್ಕೆ ಹೊಸ ಹೊಸ ದಾರಿಗಳನ್ನು ತೆರೆದ ಮಹನೀಯರೆಲ್ಲ ಎಳೆಯ ವಯಸ್ಸಿನಲ್ಲಿ ಓದಿದ್ದು ಈ ಗಿರಿಯಲ್ಲಿ; ಒಬ್ಬರಾದ ಮೇಲೆ ಒಬ್ಬರು ಇದನ್ನು ಬಿಟ್ಟು ಇಳಿದುಹೋದದ್ದೂ ನಿಜ. ನಾಮಸ್ಮರಣೆಯೊಂದೇ ಸಾಕೆಂದು ಸಾಮಾನ್ಯರಿಗೆ ಬೋಧಿಸಿದ ಹೋನೆನ್ನನ ಸಮಾಧಿಯನ್ನು 1227ರಲ್ಲಿ ಕೆಡವಿದವರು ಇದೇ ಪರ್ವತದವರು. 1872ರವರೆಗೆ ಹೆಂಗಸರು ಇಲ್ಲಿಗೆ ಕಾಲಿಡುವಂತಿರಲಿಲ್ಲವೆಂಬುದನ್ನೂ ಮರೆಯಲಾಗದು. ಪವಿತ್ರಸ್ಥಳದ ಚರಿತ್ರೆಯನ್ನು ಬರೆಯುವವನು ಇವುಗಳನ್ನು ಮುಚ್ಚಿಟ್ಟರೆ ಅದು ಆ ಸ್ಥಳಕ್ಕೆ ಮಾಡುವ ಗೌರವವಾಗಲಾರದು.

1570ರಲ್ಲಿ ಆ ಕಾಲದ ಪ್ರಬಲ ಸೇನಾಧಿಪತಿ ಓದ ನೊಬುನಾಗನ ವೈರಿಗಳಾದ ಅಸಾಯ್ ಮತ್ತು ಅಸಾಕುರ ಮನೆತನಗಳ ಸೇನೆಗೆ ಪರ್ವತವು ಆಶ್ರಯ ಕೊಟ್ಟಿತು. ಮರುವರ್ಷದ ಶರದೃತುವಿನಲ್ಲಿ ಅವನ ದಂಡು ತಪ್ಪಲಿನ ಸಕಾಮೊತೊ ಪಟ್ಟಣಕ್ಕೂ ಹಿಯೋಶಿ ದೇವಾಲಯಕ್ಕೂ ಬೆಂಕಿಯಿಟ್ಟು, ಮೇಲೇರುತ್ತ ಸಿಕ್ಕಿದವರನ್ನೆಲ್ಲ ಕೊಂದಿತು. ಸತ್ತವರು ಸಾವಿರಾರು ಎಂದು ಆ ಕಾಲದ ಬರಹಗಳು ಹೇಳುತ್ತವೆ. ಮೂಲಮಂದಿರವೂ ಬೆಂದಿತು, ದೀಪವೂ ಆರಿತು.

ಆದರೆ ದೀಪವು ಅಷ್ಟರಲ್ಲಿ ಒಂದೇ ಕಡೆ ಉಳಿದಿರಲಿಲ್ಲ. ಸೈಚೋವಿನ ಶಿಷ್ಯನೂ ಚೀನಾದಲ್ಲಿ ಸುಮಾರು ಒಂಬತ್ತು ವರ್ಷ ಸಂಚರಿಸಿ ದಿನಚರಿಯನ್ನು ಬರೆದಿಟ್ಟವನೂ ಆದ ಎನ್ನಿನ್ ಎಂಬ ಭಿಕ್ಷುವು 860ರಲ್ಲಿ ಸ್ಥಾಪಿಸಿದನೆಂದು ಹೇಳುವ ರಿಶ್ಶಾಕುಜಿ ಎಂಬ ದೇವಾಲಯವು ದೂರದ ಉತ್ತರದಲ್ಲಿ, ಯಾಮಗಾತ ಪ್ರಾಂತದ ಬಂಡೆಗಳ ಮೇಲೆ ಇದೆ. ಹಿಯೇಯಿಂದ ಹಚ್ಚಿಕೊಂಡು ಹೋದ ಜ್ವಾಲೆ ಅಲ್ಲಿ ಉರಿಯುತ್ತಿತ್ತು. ನೊಬುನಾಗನ ಕಾಲ ಕಳೆದು ಮಠವನ್ನು ಮತ್ತೆ ಕಟ್ಟಲು ಅಪ್ಪಣೆ ದೊರೆತಾಗ, ಅಲ್ಲಿಂದ ಜ್ವಾಲೆಯನ್ನು ಮರಳಿ ತಂದು ಇಲ್ಲಿ ಹಚ್ಚಿದರು. ಕೊಟ್ಟದ್ದರಿಂದ ಉಳಿಯಿತು, ಬರಿದೆ ಕಾಪಾಡಿಕೊಂಡಿದ್ದರೆ ಉಳಿಯುತ್ತಿರಲಿಲ್ಲ. ಈಗಿನ ಮೂಲಮಂದಿರವು 1642ರಲ್ಲಿ ಆಗಿನ ಶೋಗನ್ ತೊಕುಗಾವಾ ಇಯೆಮಿತ್ಸುವಿನ ಆಜ್ಞೆಯಿಂದ ಪೂರ್ಣಗೊಂಡದ್ದು. ಅದರ ಜೀರ್ಣೋದ್ಧಾರವು 2016ರಲ್ಲಿ ಆರಂಭವಾದ ಮೇಲೂ, ಮಾಡಿನ ಮೇಲೆ ಬಡಗಿಗಳು ದುಡಿಯುತ್ತಿದ್ದಂತೆಯೇ ಒಳಗೆ ಪೂಜೆ ನಡೆಯಿತು.

ಮಠದ ಗುಡಿಗಳ ಪೂರ್ವದ ಗುಂಪಿನಿಂದ ಪಶ್ಚಿಮದ ಗುಂಪಿಗೆ ಹೋಗುವ ಕಾಡುದಾರಿಯಲ್ಲಿ ಜೋದೋ-ಇನ್ ಎಂಬ ಸೈಚೋವಿನ ಸಮಾಧಿ ಸಿಕ್ಕುತ್ತದೆ. ಅಲ್ಲಿ ಸೇವೆಗೆ ನಿಂತ ಭಿಕ್ಷುವು ಹನ್ನೆರಡು ವರ್ಷ ಹೊರಗೆ ಹೋಗದೆ, ಗುರುವು ಸಜೀವನಾಗಿರುವನೆಂಬ ಭಾವದಿಂದ ನಿತ್ಯವೂ ನೈವೇದ್ಯವಿಡುತ್ತಾನೆ, ಅಂಗಳವನ್ನು ಗುಡಿಸುತ್ತಾನೆ. ಎಲೆ ಬೀಳುವುದು ಎಂದಾದರೂ ನಿಂತೀತೆ? ಆ ಗುಡಿಸುವಿಕೆಯನ್ನು ಪರ್ವತದವರು ನರಕಯಾತನೆಗೆ ಹೋಲಿಸುತ್ತಾರೆ. ನಾನು ಕಂಡಾಗ ಬಿಳಿಯ ಜಲ್ಲಿಯ ಮೇಲೆ ಕುಂಟೆಯ ಗೆರೆಗಳು ಇನ್ನೂ ಹಸಿಯಾಗಿದ್ದವು, ಅವುಗಳ ಮೇಲೆ ಒಂದು ಕಡ್ಡಿಯೂ ಇರಲಿಲ್ಲ. ಮಂತ್ರಾಲಯದಲ್ಲಿ ಬೃಂದಾವನಕ್ಕೆ ನಡೆಯುವ ಸೇವೆಯನ್ನು ಬಲ್ಲವರಿಗೆ ಈ ಭಾವವನ್ನು ವಿವರಿಸಬೇಕಾಗಿಲ್ಲ.

ಇದಕ್ಕಿಂತಲೂ ಕಠಿನವಾದ ವ್ರತವೊಂದುಂಟು. ಒಂಬತ್ತನೆಯ ಶತಮಾನದ ಸೋಓ ಎಂಬ ತಪಸ್ವಿಯಿಂದ ಮೊದಲಾಯಿತೆಂದು ಹೇಳುವ ಕೈಹೋಗ್ಯೋ ಎಂಬ ಪ್ರದಕ್ಷಿಣ ವ್ರತದಲ್ಲಿ ಭಿಕ್ಷುವು ಏಳು ವರ್ಷಗಳ ಅವಧಿಯಲ್ಲಿ ಸಾವಿರ ದಿನ ಪರ್ವತವನ್ನು ಸುತ್ತುತ್ತಾನೆ. ಬಿಳಿಯ ಬಟ್ಟೆ, ಹುಲ್ಲಿನ ಪಾದರಕ್ಷೆ, ಸೊಂಟದಲ್ಲಿ ಹಗ್ಗ ಮತ್ತು ಕಿರುಗತ್ತಿ — ವ್ರತ ಕೆಟ್ಟರೆ ಪ್ರಾಣವೇ ದಂಡವೆಂಬುದರ ಗುರುತು. ನಡುರಾತ್ರಿ ಕಳೆದ ಮೇಲೆ ಹೊರಟು ಸುಮಾರು 30 ಕಿಲೋಮೀಟರು ನಡೆಯುವ ದಾರಿಯಲ್ಲಿ ಇನ್ನೂರಕ್ಕೂ ಹೆಚ್ಚು ಸ್ಥಳಗಳಲ್ಲಿ ಕೈಮುಗಿಯಬೇಕು. ಗುಡಿಗೆ ಮಾತ್ರವಲ್ಲ, ಬಂಡೆಗೆ, ಬುಗ್ಗೆಗೆ, ಮರಕ್ಕೆ. ಏಳುನೂರು ದಿನಗಳಾದ ಮೇಲೆ ಒಂಬತ್ತು ದಿನ ಅನ್ನ, ನೀರು, ನಿದ್ರೆಗಳಿಲ್ಲದೆ ಅಚಲನಾಥನ ಮಂತ್ರವನ್ನು ಜಪಿಸುತ್ತ ಕುಳಿತಿರಬೇಕು. ಆ ದಿನಗಳಲ್ಲಿಯೂ ಪ್ರತಿರಾತ್ರಿ ಎದ್ದು, ತಾನು ಒಂದು ಹನಿಯನ್ನೂ ಕುಡಿಯದೆ, ದೇವರಿಗೆ ಬಾವಿಯಿಂದ ನೀರು ಸೇದಿ ತರುತ್ತಾನೆ. 1571ರ ಈಚೆಗೆ ಇದನ್ನು ಪೂರೈಸಿದವರು ಸುಮಾರು 50 ಮಂದಿ. ಅಚಲನೆಂದರೆ ಭಾರತದಿಂದ ಹೋದ ದೇವತೆ. ಅವನ ಮುಂದೆ ಅಗ್ನಿಯಲ್ಲಿ ಸಮಿತ್ತುಗಳನ್ನು ಅರ್ಪಿಸುವ ವಿಧಿಯೂ ನಮ್ಮ ಹೋಮವೇ, ಸಮುದ್ರಗಳನ್ನು ದಾಟಿ ಹೋದುದು. ಈ ಕಾಡು ಕೊಡಲಿಗೆ ಸಿಕ್ಕದೆ ಉಳಿದದ್ದಕ್ಕೆ, ಮರವೂ ಪೂಜಾಸ್ಥಾನವೆಂದು ನಡೆದವರ ಕಾಲು ಸರ್ಕಾರದ ರಕ್ಷಣೆಗಿಂತ ಹಿಂದಿನ ಕಾರಣವೆಂದು ನನ್ನ ನಂಬಿಕೆ.

ಸರೋವರದ ಕಡೆಗೆ ಇಳಿಯಲು 1927ರ ಇನ್ನೊಂದು ಹಗ್ಗದ ಗಾಡಿಯಿದೆ. 2025 ಮೀಟರುಗಳ ಅದರ ಹಾದಿ ಆ ಬಗೆಯಲ್ಲಿ ಜಪಾನಿನಲ್ಲೇ ಅತಿ ಉದ್ದವಾದುದು. ಕೆಳಗಿನ ಸಕಾಮೊತೊ ಪಟ್ಟಣದಲ್ಲಿ ವೃದ್ಧ ಭಿಕ್ಷುಗಳು ಪರ್ವತದ ಚಳಿ ತೇವಗಳಿಂದ ಬಿಡುಗಡೆ ಪಡೆದು ವಾಸಿಸುತ್ತಿದ್ದ ಮನೆಗಳೂ ಅವುಗಳ ತೋಟಗಳೂ ಇವೆ. ಅವುಗಳ ಸುತ್ತ ಅನೋ ಎಂಬ ಊರಿನ ಕಲ್ಲುಕುಟಿಗರು ಕಟ್ಟಿದ ಗೋಡೆಗಳು. ಕಲ್ಲನ್ನು ಚೌಕವಾಗಿ ಕಡಿಯದೆ, ಸಿಕ್ಕ ಆಕಾರದಲ್ಲಿಯೇ ಒಂದಕ್ಕೊಂದು ಹೊಂದಿಸಿ, ಸಂದುಗಳಲ್ಲಿ ಸಣ್ಣ ಕಲ್ಲು ತುಂಬಿ, ಗಾರೆಯಿಲ್ಲದೆ ನಿಲ್ಲಿಸುವುದು ಅವರ ಕೌಶಲ. ಪರ್ವತವನ್ನು ಸುಟ್ಟ ನೊಬುನಾಗನು 1576ರಲ್ಲಿ ಅದೇ ಸರೋವರದ ಆಚೆಯ ದಂಡೆಯಲ್ಲಿ ಅಜುಚಿ ಕೋಟೆಯನ್ನು ಕಟ್ಟಿಸತೊಡಗಿದಾಗ ತಳಪಾಯಕ್ಕೆ ಕರೆಸಿದ್ದು ಈ ಕುಟಿಗರನ್ನೇ ಎಂಬುದು ರೂಢಿಯ ಮಾತು. ಆ ಕೋಟೆಯ ಉಪ್ಪರಿಗೆ 1582ರಲ್ಲಿ, ಅವನು ಸತ್ತ ಕೆಲವೇ ದಿನಗಳಲ್ಲಿ, ಉರಿದುಹೋಯಿತು. ಸಕಾಮೊತೊದ ಗೋಡೆಗಳನ್ನು ಇಂದಿಗೂ ಅನೋ ಪರಂಪರೆಯ ಕೆಲಸಗಾರರು ದುರಸ್ತಿ ಮಾಡುತ್ತಾರೆ.